ಗುಡ್ಡದ ಸೈಟು ಕೊಳ್ಳುವ ಮುಂಚೆ: ಎಲ್ಲಿ ಬಂಡೆಯ ಭಯ ಜಾಸ್ತಿ, ಎಲ್ಲಿ ಕಡಿಮೆ

ಗುಡ್ಡದಲ್ಲಿ ಸೈಟು ತೋರಿಸುವವರು ನಮ್ಮನ್ನು ನೇರ ಕೆಳಗಿನ ಅಂಚಿಗೇ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನಿಂತರೆ ಕಣಿವೆ, ಕಾಫಿ ತೋಟ, ದೂರದ ಬೆಟ್ಟದ ಸಾಲು ಎಲ್ಲ ಕಾಣುತ್ತದೆ. ರೇಟು ಕುದುರುವುದೂ ಆ ನೋಟದ ಮೇಲೆಯೇ. ಒಂದು ನಿಮಿಷ ತಿರುಗಿ ನಿಂತು ಮೇಲೆ ನೋಡುವವರು ಕಡಿಮೆ. ಮನೆಗೆ ಅಪಾಯ ಬರುವುದು ಆ ಕಡೆಯಿಂದ.

ಇನ್ನೊಂದು ಕಷ್ಟ ಇದೆ. ಮೇಲಿರುವ ಬಂಡೆ ಸಾಮಾನ್ಯವಾಗಿ ನಿಮ್ಮ ಪಹಣಿಯೊಳಗೆ ಇರುವುದಿಲ್ಲ. ಅದು ಪಕ್ಕದವರ ತೋಟದಲ್ಲಿರುತ್ತದೆ, ಇಲ್ಲವೇ ಅರಣ್ಯದ ಜಾಗದಲ್ಲಿ. ಮೇಲಿನವರು ನಾಳೆ ಜೆಸಿಬಿ ತರಿಸಿ ತೋಟಕ್ಕೆ ರಸ್ತೆ ಕಡಿದರೆ ಅದು ನಿಮ್ಮ ಗಮನಕ್ಕೆ ಬರುವುದೇ ಮಳೆ ಶುರುವಾದ ಮೇಲೆ. ಹಾಗಾಗಿ ಗುಡ್ಡದ ಸೈಟುಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಒಂದನ್ನೇ: ಈ ಜಾಗದ ಸುರಕ್ಷತೆ ಎಷ್ಟು ನಮ್ಮ ಕೈಯಲ್ಲಿದೆ, ಎಷ್ಟು ಬೇರೆಯವರ ಕೈಯಲ್ಲಿದೆ? ನೀರು, ಕರೆಂಟು, ರಸ್ತೆ, ಕನ್ವರ್ಶನ್ ಎಲ್ಲ ಅದಾದ ಮೇಲೆ.

ಬಂಡೆ ಉರುಳುವುದು ಬೇರೆ, ಗುಡ್ಡ ಜರಿಯುವುದು ಬೇರೆ

ಎರಡನ್ನೂ ಒಂದೇ ಅಂದುಕೊಂಡರೆ ಹೋಲಿಕೆ ಶುರುವಿನಲ್ಲೇ ತಪ್ಪುತ್ತದೆ. ರಾಮನಗರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಬೆಟ್ಟ ಎಂದರೆ ಬರೀ ಕಲ್ಲು. ರಾಮನಗರದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆ ಊರಿಗೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟ್ ಎಂದು ಹೆಸರಿತ್ತು. ಭೂವಿಜ್ಞಾನಿಗಳು ಆ ಕಲ್ಲನ್ನು ಇವತ್ತಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ. ಇಂಥ ಬೆಟ್ಟದಲ್ಲಿ ಬಿಸಿಲಿಗೆ, ಮಳೆಗೆ ಹಾಸುಬಂಡೆಯ ಮೇಲ್ಪದರ ಈರುಳ್ಳಿ ಸಿಪ್ಪೆಯ ಹಾಗೆ ಹಕ್ಕಳೆ ಹಕ್ಕಳೆಯಾಗಿ ಬಿಡುತ್ತದೆ. ಬಿರುಕುಗಳ ಸುತ್ತ ಕಲ್ಲು ಕೊಳೆತು ಮಣ್ಣಾಗಿ, ನಡುವಿನ ಗಟ್ಟಿ ಭಾಗ ಮಾತ್ರ ದುಂಡಗೆ ಉಳಿಯುತ್ತದೆ. ನಾವು ಗುಂಡು ಅನ್ನುವುದು ಅದನ್ನೇ. ಸುತ್ತಲಿನ ಮಣ್ಣು ಮಳೆಯಲ್ಲಿ ಕೊಚ್ಚಿಹೋದಾಗ ಗುಂಡಿನ ಮೇಲೆ ಗುಂಡು ಕೂತ ನೋಟ ಸಿಗುತ್ತದೆ. ಅದು ಶತಮಾನಗಳ ಕಾಲ ಹಾಗೇ ಕೂತಿರಬಹುದು. ಕೂತಿದೆ ಅನ್ನುವುದೇ ಭದ್ರತೆಗೆ ಸಾಕ್ಷಿ ಅಲ್ಲ.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆ ಕತೆ ಬೇರೆ. ಅಲ್ಲಿ ಕಲ್ಲಿನ ಮೇಲೆ ಹತ್ತಾರು ಅಡಿ ದಪ್ಪದ ಮಣ್ಣಿದೆ. ಗುಂಡುಗಳು ಆ ಮಣ್ಣಿನೊಳಗೆ ಹುದುಗಿವೆ, ಹೊರಗಿಂದ ಕಾಣುವುದೇ ಇಲ್ಲ. ಮಳೆ ಜಾಸ್ತಿಯಾದಾಗ ಮಣ್ಣು ಜರಿಯುತ್ತದೆ, ಅದರ ಜೊತೆ ಬಂಡೆ, ಸಿಲ್ವರ್ ಓಕ್ ಮರ ಎಲ್ಲ ಬರುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಜೋಡುಪಾಲ, ಮದೆನಾಡು, ಮಕ್ಕಂದೂರು, ಕಾಲೂರಿನ ಕಡೆ ಆದದ್ದು ಇದು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಹತ್ತಿರ ಬ್ರಹ್ಮಗಿರಿಯ ಇಳಿಜಾರು ಜರಿದು ಅರ್ಚಕರ ಮನೆಗಳನ್ನು ಮುಚ್ಚಿದ್ದೂ ಇದೇ ಬಗೆಯದು.

ಕಲ್ಲಿನ ಬೆಟ್ಟದಲ್ಲಿ ನೀವು ನೋಡಬೇಕಾದ್ದು ಬಂಡೆ ಮತ್ತು ದೂರ. ಮಣ್ಣಿನ ಗುಡ್ಡದಲ್ಲಿ ನೋಡಬೇಕಾದ್ದು ನೀರು ಮತ್ತು ಜೆಸಿಬಿ ಕಡಿದ ಜಾಗ. ಕೆಲವು ಕಡೆ ಎರಡೂ ಸೇರಿರುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ ಮಳೆಗಾಲದಲ್ಲಿ ಹಳಿಗೆ ಬಂಡೆ ಬಿತ್ತು, ಮಣ್ಣು ಬಿತ್ತು ಎಂದು ರೈಲು ನಿಲ್ಲಿಸುವುದನ್ನು ಕೇಳಿಯೇ ಇರುತ್ತೀರಿ.

ಮಾರಾಟಕ್ಕೆ ಬರುವ ಐದು ಬಗೆಯ ಜಾಗ

ಮೊದಲನೆಯದು ಬಂಡೆ ಬೆಟ್ಟದ ಬುಡ. ಬೆಂಗಳೂರಿಂದ ಒಂದೆರಡು ತಾಸಿನ ದೂರದಲ್ಲಿ ವಾರದ ಕೊನೆಗೆ ಹೋಗಿ ಇರೋಣ ಎಂದು ಕೊಳ್ಳುವ ಫಾರ್ಮ್ ಪ್ಲಾಟುಗಳಲ್ಲಿ ಇವು ಬಹಳ. ನೆಲ ಸಮತಟ್ಟು, ಬೋರ್‌ವೆಲ್ ಕೊರೆಯಬಹುದು, ಹಿಂದೆ ಚೆಂದದ ಬೆಟ್ಟ. ಇಲ್ಲಿ ಒಳ್ಳೆಯ ಸಂಗತಿ ಏನೆಂದರೆ ಅಪಾಯ ಕಣ್ಣಿಗೆ ಕಾಣುತ್ತದೆ, ಅಳೆಯಬಹುದು. ಜಾಗ ದೊಡ್ಡದಿದ್ದರೆ ಮನೆಯನ್ನು ಮುಂದಕ್ಕೆ ತಂದು ತಪ್ಪಿಸಿಕೊಳ್ಳಬಹುದು. ಎರಡು ಎಕರೆ ಇದ್ದರೆ ಬೆಟ್ಟದ ಕಡೆಗೆ ಮಾವಿನ ಗಿಡ ಇಟ್ಟು ಮನೆಯನ್ನು ರಸ್ತೆ ಕಡೆ ಕಟ್ಟಿ. ಮೂವತ್ತು–ನಲವತ್ತರ ಸೈಟು ಬೆಟ್ಟಕ್ಕೆ ಅಂಟಿಕೊಂಡಿದ್ದರೆ ಆ ಆಯ್ಕೆ ಇಲ್ಲ. ಒಂದೇ ಬಡಾವಣೆಯಲ್ಲಿ ಇವೆರಡಕ್ಕೂ ಚದರಡಿಗೆ ಒಂದೇ ರೇಟು ಹೇಳಿದರೂ ಅವು ಒಂದೇ ಮಾಲಲ್ಲ.

ಎರಡನೆಯದು ಇಳಿಜಾರಿನ ನಡುವೆ ಧರೆ ಕಡಿದು ಮಟ್ಟ ಮಾಡಿದ ಸೈಟು. ಧರೆ ಎಂದರೆ ಹೀಗೆ ಕಡಿದು ನಿಲ್ಲಿಸಿದ ಮಣ್ಣಿನ ಗೋಡೆ, ಕೊಡಗಿನಲ್ಲಿ ಅದಕ್ಕೆ ಬರೆ ಅನ್ನುತ್ತಾರೆ. ಹಿಂದೆ ಹದಿನೈದೋ ಇಪ್ಪತ್ತೋ ಅಡಿ ನೇರಕ್ಕೆ ಕಡಿದ ಮಣ್ಣಿನ ಗೋಡೆ, ಕಡಿದ ಮಣ್ಣನ್ನೇ ಮುಂದಕ್ಕೆ ತಳ್ಳಿ ಮಾಡಿದ ಅಂಗಳ. ಐದರಲ್ಲಿ ನನಗೆ ಅತಿ ಹೆಚ್ಚು ಭಯ ಇದರ ಮೇಲೆ. ಯಾಕೆಂದರೆ ಇಲ್ಲಿ ಎರಡು ತೊಂದರೆ ಒಟ್ಟಿಗೆ ಇವೆ. ಹಿಂದಿನ ಧರೆಗೆ ಕಾಲು ಕಡಿದು ನಿಲ್ಲಿಸಿದಂತಾಗಿದೆ, ಮುಂದಿನ ಅಂಗಳ ಸಡಿಲ ಮಣ್ಣು. ಮನೆಯ ಅರ್ಧ ಪಾಯ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಕೂತರೆ ಬಂಡೆ ಬೀಳದಿದ್ದರೂ ಗೋಡೆ ಬಿರುಕು ಬಿಡುತ್ತದೆ. 2018ರ ನಂತರ ಕೊಡಗಿನಲ್ಲಿ ಸಮೀಕ್ಷೆ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರೂ ರಸ್ತೆ, ಮನೆಗಾಗಿ ಇಳಿಜಾರು ಕಡಿದ ಜಾಗಗಳನ್ನೇ ಮುಖ್ಯ ಕಾರಣಗಳಲ್ಲಿ ಹೇಳಿದ್ದರು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಜರಿದದ್ದು ಕೂಡ ಹೆದ್ದಾರಿಗಾಗಿ ಕಡಿದ ಗುಡ್ಡದ ಮೇಲಿನ ಇಳಿಜಾರು. ಆ ಮಣ್ಣು ರಸ್ತೆ ದಾಟಿ ಗಂಗಾವಳಿಗೆ ಬಿತ್ತು. ನದಿಯಿಂದ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಗುಡ್ಡದಿಂದ ನಾವು ದೂರ ಇದ್ದೇವೆ ಅನ್ನುವಾಗ ನಡುವೆ ಏನಿದೆ ಅಂತಲೂ ನೋಡಬೇಕು.

ಮೂರನೆಯದು ಹಳ್ಳದ ಬಾಯಿ. ಎರಡು ಗುಡ್ಡದ ನಡುವಿಂದ ತೋಡು ಇಳಿದು ಬಂದು ಬಯಲಿಗೆ ಸೇರುವ ಜಾಗ, ಬೀಸಣಿಗೆ ಹರಡಿದಂತೆ ಸ್ವಲ್ಪ ಉಬ್ಬಿದ ನೆಲ. ಮಣ್ಣು ಫಲವತ್ತು, ನೀರು ಹತ್ತಿರ, ನೋಡಲು ಬಲು ಸೊಗಸು. ಆ ನೆಲ ಅಲ್ಲಿಗೆ ಬಂದದ್ದು ಹೇಗೆ ಎಂದು ಯೋಚಿಸಿ. ತೋಡು ಮೇಲಿಂದ ಹೊತ್ತು ತಂದು ಸುರಿದದ್ದು. ಒಮ್ಮೆ ತಂದ ದಾರಿಯಲ್ಲಿ ಇನ್ನೊಮ್ಮೆ ತರುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಬಂದ ಕೆಸರು, ಬಂಡೆಗಳ ಪ್ರವಾಹ ಹೊಳೆಯ ದಾರಿ ಹಿಡಿದು ಸುಮಾರು 8 ಕಿಲೋಮೀಟರ್ ಹೋಯಿತು. ಜರಿದ ಜಾಗ ಕೆಳಗಿನ ಊರಿಗೆ ಕಾಣುವಷ್ಟು ಹತ್ತಿರವೂ ಇರಲಿಲ್ಲ. ಇಂಥ ಜಾಗದಲ್ಲಿ ನಿಮ್ಮ ಕೈಯಲ್ಲಿ ಏನೂ ಇಲ್ಲ. ಗದ್ದೆ ಮಾಡಿ, ತೋಟ ಮಾಡಿ, ಮನೆ ಬೇಡ.

ನಾಲ್ಕನೆಯದು ಗುಡ್ಡದ ನೆತ್ತಿ ಅಥವಾ ಏಣು. ಮೇಲಿಂದ ಬೀಳುವುದು ಏನೂ ಇಲ್ಲ. ಗಾಳಿ, ಸಿಡಿಲು, ನೀರಿನ ತಾಪತ್ರಯ ಇವೆ, ಆದರೆ ಅವಕ್ಕೆ ದುಡ್ಡಿನಿಂದ ಪರಿಹಾರ ಇದೆ. ಅಂಚಿಗೆ ಮಾತ್ರ ಹೋಗಬಾರದು. ನೋಟ ಚೆನ್ನಾಗಿರಲಿ ಎಂದು ತುದಿಯಲ್ಲೇ ಕಟ್ಟಿದರೆ ಕೆಳಗಿನವರು ಧರೆ ಕಡಿದ ದಿನ ನಿಮ್ಮ ಪಾಯ ಅವರ ಕೈಗೆ ಹೋಗುತ್ತದೆ. ಅಮೆರಿಕದ ಕಟ್ಟಡ ನಿಯಮಗಳಲ್ಲಿ ಕಡಿದಾದ ಇಳಿಜಾರಿನ ಮೇಲ್ತುದಿಯಿಂದ ಪಾಯಕ್ಕೆ ಇಳಿಜಾರಿನ ಎತ್ತರದ ಮೂರನೇ ಒಂದು ಭಾಗ ದೂರ ಬಿಡಬೇಕು ಎಂದಿದೆ, ಹೆಚ್ಚೆಂದರೆ 40 ಅಡಿ. ಬುಡದಲ್ಲಿ ಎತ್ತರದ ಅರ್ಧ, ಹೆಚ್ಚೆಂದರೆ 15 ಅಡಿ. ಮಲೆನಾಡಿನ ಮಳೆಗೆ ಇದು ಕನಿಷ್ಠ ಅಂತ ಇಟ್ಟುಕೊಳ್ಳಿ. ಮಣ್ಣಿನ ಧರೆಯ ಬುಡದಲ್ಲಿ ಅದರ ಪೂರ್ತಿ ಎತ್ತರದಷ್ಟು ಜಾಗ ಬಿಡಿ ಎಂದೇ ನಾನು ಹೇಳುವುದು.

ಐದನೆಯದು ತಗ್ಗು ಇಳಿಜಾರಿನ ಹಳೆಯ ತೋಟದ ನಡುವಿನ ಜಾಗ. ಹದಿನೈದು ಡಿಗ್ರಿಯೊಳಗಿನ ಇಳಿಜಾರು, ಸುತ್ತ ಮರ, ಮೇಲೆ ಬಂಡೆ ಇಲ್ಲ, ತೋಡು ದೂರ. ನೋಟ ಏನೂ ಇರುವುದಿಲ್ಲ. ಬ್ರೋಕರ್ ಇದನ್ನು ಕೊನೆಗೆ ತೋರಿಸುತ್ತಾರೆ, ಕೆಲವೊಮ್ಮೆ ತೋರಿಸುವುದೇ ಇಲ್ಲ. ಹಳೆಯ ಕಾಲದವರು ಮನೆ ಕಟ್ಟಿಕೊಂಡಿದ್ದು ಹೆಚ್ಚಾಗಿ ಇಂಥ ಕಡೆಯೇ. ನೋಟ ಬೇಕಾದಾಗ ಅರ್ಧ ಗಂಟೆ ನಡೆದು ಗುಡ್ಡ ಹತ್ತಿದರಾಯಿತು ಅಲ್ವಾ? ಐದರಲ್ಲಿ ಒಂದನ್ನು ಆರಿಸು ಎಂದರೆ ನನ್ನ ಆಯ್ಕೆ ಇದೇ, ಎರಡನೇ ಸ್ಥಾನ ಅಗಲವಾದ ನೆತ್ತಿಗೆ.

ಫೋನಿನಲ್ಲೇ ಕೋನ ಅಳೆಯಬಹುದು

ಬಂಡೆ ಬೆಟ್ಟದ ಬುಡದ ಜಾಗವನ್ನು ತೂಗಿ ನೋಡಲು ಒಂದು ಸರಳ ಅಳತೆ ಇದೆ. ಬೋಳು ಬಂಡೆಯ ಗೋಡೆ ಮುಗಿದು, ಉದುರಿದ ಕಲ್ಲಿನ ಇಳಿಜಾರು ಶುರುವಾಗುವ ಗೆರೆಯನ್ನು ಗುರುತಿಸಿ. ಅಲ್ಲಿಂದ ಸಮತಲಕ್ಕೆ ಸುಮಾರು 27ರಿಂದ 28 ಡಿಗ್ರಿಯಲ್ಲಿ ಕೆಳಕ್ಕೆ ಒಂದು ಗೆರೆ ಎಳೆದರೆ, ಉರುಳಿ ಬರುವ ಬಂಡೆಗಳಲ್ಲಿ ಹೆಚ್ಚಿನವು ಆ ಗೆರೆ ನೆಲ ಮುಟ್ಟುವ ಜಾಗದ ಒಳಗೇ ನಿಲ್ಲುತ್ತವೆ. ಬೇರೆ ಬೇರೆ ದೇಶಗಳ ಬೆಟ್ಟಗಳಲ್ಲಿ ಬಿದ್ದ ಬಂಡೆಗಳನ್ನು ಅಳೆದು ಕಂಡುಕೊಂಡದ್ದು ಇದು.

ಮಾಡುವುದು ಹೀಗೆ. ಮನೆಯ ಹಿಂಗೋಡೆ ಬರುವ ಜಾಗದಲ್ಲಿ ಕೂರಿ. ಎರಡು ಅಡಿಯ ನೇರವಾದ ರೀಪಿನ ಮೇಲೆ ಫೋನನ್ನು ಅಡ್ಡ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ, ಲೆವೆಲ್ ತೋರಿಸುವ ಆ್ಯಪ್ ತೆರೆಯಿರಿ. ರೀಪಿನ ಒಂದು ತುದಿಯನ್ನು ಕೆನ್ನೆಗೆ ಒತ್ತಿ ಹಿಡಿದು ಬಂಡೆ ಗೋಡೆಯ ಬುಡದ ಗೆರೆಗೆ ಗುರಿ ಇಡಿ. ಜೊತೆಗಿದ್ದವರು ಪಕ್ಕದಿಂದ ಡಿಗ್ರಿ ಓದಲಿ. ಲಂಟಾನದ ಪೊದೆ ಅಡ್ಡ ಬಂದರೆ ಎರಡು ಹೆಜ್ಜೆ ಆಚೆ ಹೋಗಿ ಇನ್ನೊಮ್ಮೆ ನೋಡಿ. ಮೂರ್ನಾಲ್ಕು ಸಲ ಅಳೆದು ಜಾಸ್ತಿ ಬಂದ ಅಂಕಿಯನ್ನು ಬರೆದುಕೊಳ್ಳಿ.

ಉದಾಹರಣೆಗೆ ಬಂಡೆಯ ಬುಡ ನಿಮ್ಮ ಜಾಗಕ್ಕಿಂತ 40 ಮೀಟರ್ ಎತ್ತರದಲ್ಲಿದೆ, ಅಡ್ಡ ದೂರ 60 ಮೀಟರ್ ಇದೆ ಅನ್ನಿ. ಕೋನ 33 ಡಿಗ್ರಿಗೂ ಮೇಲೆ ಬರುತ್ತದೆ. 27–28ಕ್ಕಿಂತ ಜಾಸ್ತಿ, ಅಂದರೆ ಅಲ್ಲಿಗೆ ಬಂಡೆ ತಲುಪಬಹುದು. ಅದೇ ಜಮೀನಿನಲ್ಲಿ 90 ಮೀಟರ್ ದೂರಕ್ಕೆ ಬಂದರೆ 24 ಡಿಗ್ರಿ. ನೂರು ಅಡಿ ಮುಂದಕ್ಕೆ ಬಂದದ್ದಕ್ಕೆ ಅಷ್ಟು ವ್ಯತ್ಯಾಸ. ಇದು ಜಾಗ ತಿರಸ್ಕರಿಸಲು ಒಳ್ಳೆಯ ಅಳತೆ, ಒಪ್ಪಿಕೊಳ್ಳಲು ಇದೊಂದೇ ಸಾಲದು. 25ರಿಂದ 30ರ ನಡುವೆ ಬಂದರೆ ತಿಳಿದವರನ್ನು ಕರೆಸಿ. ಬಂಡೆ ಗೋಡೆಯೇ ಇಲ್ಲದೆ ಗುಂಡುಗಳು ಇಳಿಜಾರಿನ ಮೇಲೆಯೇ ಚೆದುರಿ ಕೂತಿದ್ದರೆ ಮೇಲಿನ ಗುಂಡಿಗೇ ಗುರಿ ಇಡಿ. ನಡುವಿನ ನೆಲ ಉದ್ದಕ್ಕೂ ಕಡಿದಾಗಿದ್ದು ಬರೀ ಹುಲ್ಲು ಇದ್ದರೆ ಅದನ್ನು ನಿಲ್ಲಿಸುವುದು ಏನೂ ಇಲ್ಲ.

ಇಳಿಜಾರು ಎಷ್ಟು ಕಡಿದಾಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. 45 ಡಿಗ್ರಿಗಿಂತ ಕಡಿಮೆ ಇದ್ದರೆ ಕಲ್ಲು ಹೆಚ್ಚಾಗಿ ಉರುಳುತ್ತದೆ. 45ರಿಂದ 75ರ ನಡುವೆ ಪುಟಿದು ನೆಗೆಯುತ್ತದೆ, ದೂರ ಚಿಮ್ಮುವುದು ಇಲ್ಲೇ. ಅದಕ್ಕಿಂತ ಕಡಿದಾದರೆ ನೇರ ಬುಡಕ್ಕೆ ಬೀಳುತ್ತದೆ. ಹಾಗಾಗಿ ನೆಟ್ಟಗಿನ ಬಂಡೆ ಗೋಡೆಗಿಂತ ಓರೆಯಾದ ಬಂಡೆ ಮುಖ ಕೆಲವೊಮ್ಮೆ ಹೆಚ್ಚು ದೂರಕ್ಕೆ ತೊಂದರೆ ಕೊಡುತ್ತದೆ.

ಅಳತೆ ಮುಗಿದ ಮೇಲೆ ಮೇಲಕ್ಕೆ ಹತ್ತಿ ಕುರುಹು ಹುಡುಕಿ. ಕೆಳಗೆ ಬಿದ್ದಿರುವ ಕಲ್ಲುಗಳ ಮೇಲೆ ಪಾಚಿ, ಕಲ್ಲುಹೂ ದಟ್ಟವಾಗಿ ಬೆಳೆದಿದ್ದರೆ ಬಿದ್ದು ಬಹಳ ಕಾಲವಾಗಿದೆ. ಅಂಚು ಚೂಪಾಗಿ, ಒಡೆದ ಮುಖ ಬೆಳ್ಳಗೆ ಇದ್ದರೆ ಇತ್ತೀಚಿನದು. ಮರಗಳ ಕಾಂಡದಲ್ಲಿ ಬೆಟ್ಟದ ಕಡೆಗೆ ಮಾತ್ರ ಸಿಪ್ಪೆ ಎದ್ದ ಗಾಯ ಇದೆಯಾ ನೋಡಿ. ಬಂಡೆಯ ಬಿರುಕಿನಲ್ಲಿ ಅರಳಿ, ಗೋಣಿ, ಬಸರಿಯ ಬೇರು ಇಳಿದಿದ್ದರೆ ಅದು ವರ್ಷ ವರ್ಷ ಬಿರುಕನ್ನು ಅಗಲ ಮಾಡುತ್ತಿದೆ. ಮಣ್ಣಿನ ಗುಡ್ಡವಾದರೆ ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರಗಳು, ನೆಲದಲ್ಲಿ ಅಡ್ಡಡ್ಡ ಸೀಳು, ಹೊಸದಾಗಿ ಎದ್ದ ಒರತೆ, ಒರತೆಯ ನೀರು ಕೆಂಪಗೆ ಬರುವುದು ಇವನ್ನು ಗಮನಿಸಿ.

ಒಂದು ಎಚ್ಚರಿಕೆ. ಬಿದ್ದ ಕಲ್ಲು ಕಾಣಲಿಲ್ಲ ಎಂದರೆ ಬಿದ್ದೇ ಇಲ್ಲ ಅಂತಲ್ಲ. ತೋಟದವರು ಬಿದ್ದ ಕಲ್ಲನ್ನು ಸುಮ್ನೆ ಬಿಡುವುದಿಲ್ಲ. ಒಡೆಸಿ ಸೈಜುಗಲ್ಲು ಮಾಡಿ ಪಾಗಾರ ಕಟ್ಟಿಸಿರುತ್ತಾರೆ, ಪಾಯಕ್ಕೆ ಹಾಕಿಸಿರುತ್ತಾರೆ. ಬೇಲಿ ಬದಲು ಉದ್ದಕ್ಕೂ ಕಲ್ಲಿನ ಪಾಗಾರ ಇದ್ದರೆ ಈ ಕಲ್ಲು ಎಲ್ಲಿಂದ ಬಂತು ಎಂದು ತೋಟದ ಹಳೆಯ ಆಳನ್ನು ವಿಚಾರಿಸಿ. ಮಾರುವವರಿಗಿಂತ ಅವರು ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಷ್ಟು ದೊಡ್ಡ ಕಲ್ಲು?

ಸಣ್ಣ ಕಲ್ಲು, ದೊಡ್ಡ ಕಲ್ಲು ಎಂಬ ಅಂದಾಜಿನಲ್ಲಿ ನಾವೆಲ್ಲ ಮೋಸ ಹೋಗುತ್ತೇವೆ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ. ಅಡ್ಡಳತೆ ಎರಡು ಪಟ್ಟಾದರೆ ತೂಕ ಎಂಟು ಪಟ್ಟು. ಒಂದಡಿ ಚೌಕದ ಕಲ್ಲು 70 ಕಿಲೋ ಮೇಲಿದೆ. ಅದು 20 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿರುತ್ತದೆ, ಶಕ್ತಿ ಸುಮಾರು 15 ಕಿಲೋಜೂಲ್. ಎರಡಡಿಯ ಕಲ್ಲಾದರೆ ಶಕ್ತಿ 120 ಕಿಲೋಜೂಲ್‌ನ ಹತ್ತಿರ. ಒಂದು ಮೀಟರಿನದಾದರೆ 530ರ ಹತ್ತಿರ.

ಈ ಅಂಕಿಗಳ ಅರ್ಥ ತಿಳಿಯಲು ಸ್ವಿಟ್ಜರ್ಲೆಂಡಿನ ಅಪಾಯ ನಕ್ಷೆಗಳನ್ನು ನೋಡಬೇಕು. ಊರೂರಿಗೆ ಅವರು ಕೆಂಪು, ನೀಲಿ, ಹಳದಿ ವಲಯ ಗುರುತಿಸುತ್ತಾರೆ. ಬಂಡೆ ಬೀಳುವ ಜಾಗಕ್ಕೆ ಅವರ ಮೊದಲ ಗಡಿ 30 ಕಿಲೋಜೂಲ್, ಎರಡನೆಯದು 300. ಮೂವತ್ತರೊಳಗೆ ಹೊಡೆತ ಕಡಿಮೆ. ಮೂವತ್ತರಿಂದ ಮುನ್ನೂರರವರೆಗೆ ಬಲವಾದ ಕಾಂಕ್ರೀಟ್ ಗೋಡೆ ತಡೆದೀತು. ಮುನ್ನೂರು ದಾಟಿದರೆ ಕೆಂಪು ವಲಯ, ಹೊಸ ಮನೆಗೆ ಅವಕಾಶ ಇಲ್ಲ. ಅಂದರೆ ಇಪ್ಪತ್ತು ಮೀಟರ್ ಮೇಲಿಂದ ಬರುವ ಒಂದು ಮೀಟರಿನ ಗುಂಡಿಗೆ ಕಾಂಕ್ರೀಟ್ ಗೋಡೆಯನ್ನೂ ನಂಬುವಂತಿಲ್ಲ. ಇಟ್ಟಿಗೆ, ಸಿಮೆಂಟ್ ಬ್ಲಾಕಿನ ಗೋಡೆಯ ಮಾತೇ ಬೇಡ. ಇಳಿಜಾರಿನಲ್ಲಿ ಉರುಳುತ್ತಾ ಬಂದರೆ ಶಕ್ತಿ ಸ್ವಲ್ಪ ಕಡಿಮೆಯಾಗುತ್ತದೆ, ದಟ್ಟ ಮರಗಳಿದ್ದರೆ ಇನ್ನಷ್ಟು. ಒಂದು, ಎರಡಡಿಯ ಕಲ್ಲುಗಳಿಗೆ ಮೇಲಿನ ಕಾಡು ನಿಜಕ್ಕೂ ಕಾವಲು. ದೊಡ್ಡ ಗುಂಡು ಮರಗಳನ್ನೂ ಮುರಿದುಕೊಂಡು ಬರುತ್ತದೆ.

ತಡೆಯುವ ದಾರಿಗಳನ್ನು ಹೋಲಿಸಿದರೆ

ಜಾಗ ಈಗಾಗಲೇ ನಿಮ್ಮದಾಗಿದ್ದರೆ, ಅಪ್ಪ ತಾತನಿಂದ ಬಂದದ್ದಾದರೆ, ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಆಗ ತಡೆಯುವ ದಾರಿ ಹುಡುಕಬೇಕು.

ಎಲ್ಲಕ್ಕಿಂತ ಅಗ್ಗದ್ದು ದೂರ. ಮನೆಯ ಜಾಗ ಬದಲಿಸುವುದಕ್ಕೆ ನಕ್ಷೆಯಲ್ಲಿ ಒಂದು ಗೆರೆ ಬದಲಿಸಿದರೆ ಸಾಕು. ಕಟ್ಟಿದ ಮೇಲೆ ಅದೇ ಗೆರೆಗೆ ಲಕ್ಷಗಟ್ಟಲೆ ಬೇಕು.

ಮೇಲಿನ ಬಂಡೆಯನ್ನೇ ಒಡೆಸಿ ತೆಗೆಯುವುದು ಎರಡನೆಯ ದಾರಿ. ಒಂದೋ ಎರಡೋ ಗುಂಡು ಮಾತ್ರ ಅಪಾಯಕಾರಿ ಆಗಿದ್ದು, ಆ ಜಾಗದ ಯಜಮಾನರು ಒಪ್ಪಿದರೆ ಇದು ಶಾಶ್ವತ ಪರಿಹಾರ. ಸಿಡಿಮದ್ದಿಗೆ ಪರವಾನಗಿ ಬೇಕು, ಅದರ ಅದುರು ಪಕ್ಕದ ಬಂಡೆಗಳನ್ನು ಸಡಿಲ ಮಾಡುತ್ತದೆ. ಕುಳಿ ಕೊರೆದು, ನೀರು ಬೆರೆಸಿ ತುಂಬಿದರೆ ನಿಧಾನಕ್ಕೆ ಉಬ್ಬಿ ಕಲ್ಲು ಸೀಳುವ ಪುಡಿ ಸಿಗುತ್ತದೆ, ಮನೆಗಳ ಹತ್ತಿರ ಅದೇ ಮೇಲು. ಕೆಲಸ ಮೇಲಿಂದ ಕೆಳಕ್ಕೆ ನಡೆಯಬೇಕು, ಕೆಳಗೆ ಆ ದಿನಗಳಲ್ಲಿ ಯಾರೂ ಇರಬಾರದು. ಕೆಳಗಿನ ಆಪುಗಲ್ಲು ತೆಗೆದರೆ ಮೇಲಿನದು ಬರುತ್ತದೆ ಎಂಬುದು ಕಲ್ಲು ಕೆಲಸದವರಿಗೆ ಗೊತ್ತು, ಜೆಸಿಬಿ ಓಡಿಸುವವರಿಗೆ ಗೊತ್ತಿರಬೇಕೆಂದಿಲ್ಲ.

ಮೂರನೆಯದು ಕಂದಕ ಮತ್ತು ಮಣ್ಣಿನ ಏರಿ. ಮನೆಯ ಹಿಂದೆ ಅಗಲವಾದ ಕಂದಕ, ಅದರ ಈಚೆ ಎತ್ತರದ ಏರಿ. ಮಣ್ಣು ಹೊಡೆತವನ್ನು ಚೆನ್ನಾಗಿ ನುಂಗುತ್ತದೆ, ಬಯಲುಸೀಮೆಯ ಬಂಡೆ ಬೆಟ್ಟಗಳಿಗೆ ಇದು ಹೇಳಿ ಮಾಡಿಸಿದ್ದು. ಜಾಗ ಬೇಕು ಅಷ್ಟೆ. ಮಲೆನಾಡಿನಲ್ಲಿ ಇದನ್ನೇ ಹಾಗೇ ಮಾಡಿದರೆ ಅಪಾಯ. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಕಡೆ ಇಳಿಜಾರಿಗೆ ಅಡ್ಡವಾಗಿ ಕಂದಕ ತೋಡಿದರೆ ಅದು ನೀರಿನ ತೊಟ್ಟಿಯಾಗುತ್ತದೆ. ಆ ನೀರು ಇಂಗಿ ಕೆಳಗಿನ ಮಣ್ಣನ್ನೇ ಜಾರಿಸುತ್ತದೆ. ಅಲ್ಲಿ ತಳಕ್ಕೆ ಕಾಂಕ್ರೀಟ್ ಹಾಕಿ, ಓರೆ ಕೊಟ್ಟು, ನೀರನ್ನು ಪಕ್ಕದ ತೋಡಿಗೆ ಬಿಡುವ ವ್ಯವಸ್ಥೆ ಇದ್ದರೆ ಮಾತ್ರ ಮಾಡಿ.

ನಾಲ್ಕನೆಯದು ಬಲೆ. ಬಂಡೆ ಮುಖಕ್ಕೆ ಹೊದಿಸುವ ತಂತಿ ಬಲೆ ಒಂದು, ಕಂಬ ನೆಟ್ಟು ಕಟ್ಟುವ ಬಲೆಯ ಬೇಲಿ ಇನ್ನೊಂದು. ಬೇಲಿಗಳನ್ನು 100 ಕಿಲೋಜೂಲ್‌ನಿಂದ ಹಿಡಿದು ಕೆಲವು ಸಾವಿರ ಕಿಲೋಜೂಲ್ ತಡೆಯುವವರೆಗೆ ಪರೀಕ್ಷೆ ಮಾಡಿ ಮಾರುತ್ತಾರೆ. ಕೊಂಕಣ ರೈಲ್ವೆಯಲ್ಲಿ ಕಡಿದ ಗುಡ್ಡಗಳ ಮೇಲೆ ಬಲೆ ಹೊದಿಸಿರುವುದನ್ನು ಕಿಟಕಿಯಿಂದ ನೋಡಿರುತ್ತೀರಿ. 2004ರ ಜೂನ್‌ನಲ್ಲಿ ಮಂಗಳೂರಿಂದ ಮುಂಬೈಗೆ ಹೊರಟಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಳಿಯ ಮೇಲಿನ ಬಂಡೆಗಳಿಗೆ ಗುದ್ದಿ ಮಹಾಡದ ಹತ್ತಿರ ಸೇತುವೆಯಿಂದ ಬಿದ್ದಿತ್ತು. ಆ ಮಾರ್ಗದಲ್ಲಿ ಇವತ್ತು ಬಲೆ ಇದೆ, ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇದೆ, ಹಳಿ ಕಾಯುವ ಸಿಬ್ಬಂದಿ ಇದ್ದಾರೆ. ಬಲೆಯನ್ನು ನೋಡಿಕೊಳ್ಳುವವರು ಇದ್ದರೆ ಮಾತ್ರ ಬಲೆ ಕೆಲಸ ಮಾಡುತ್ತದೆ. ಕಲ್ಲು ತುಂಬಿದ ಬಲೆಯನ್ನು ಖಾಲಿ ಮಾಡಬೇಕು, ತುಕ್ಕು ಹಿಡಿದ ತಂತಿ ಬದಲಿಸಬೇಕು. ಒಂದು ಮನೆಗೆ ಇದು ಭಾರ. ಹತ್ತು ಮನೆಯವರು ಸೇರಿ ಹಾಕಿಸಿಕೊಂಡರೆ ಲೆಕ್ಕ ಸರಿಹೋಗಬಹುದು.

ಕೊನೆಯದು ಎಲ್ಲರೂ ಮೊದಲು ಯೋಚಿಸುವ ರಿಟೇನಿಂಗ್ ವಾಲ್. ಅದು ಹಿಂದಿನ ಮಣ್ಣನ್ನು ಹಿಡಿದಿಡಲು ಕಟ್ಟುವ ಗೋಡೆ, ಹಾರಿ ಬರುವ ಬಂಡೆಗೆ ಅಲ್ಲ. ಮಣ್ಣು ಹಿಡಿಯುವ ಕೆಲಸದಲ್ಲೂ ಅದರ ಜೀವ ಇರುವುದು ನೀರು ಹೊರಬರುವ ತೂತುಗಳಲ್ಲಿ ಮತ್ತು ಹಿಂದೆ ತುಂಬಿದ ಜಲ್ಲಿಯಲ್ಲಿ. ತೂತಿನಿಂದ ಮಳೆಗಾಲದಲ್ಲಿ ನೀರು ಬರುತ್ತಿಲ್ಲ ಎಂದರೆ ನೀರು ಗೋಡೆಯ ಹಿಂದೆ ನಿಂತು ತಳ್ಳುತ್ತಿದೆ ಎಂದು ಅರ್ಥ. ಕಲ್ಲು ತುಂಬಿದ ತಂತಿ ಪೆಟ್ಟಿಗೆ, ಅಂದರೆ ಗೇಬಿಯನ್ ಗೋಡೆ, ನೀರನ್ನು ತಾನಾಗೇ ಬಿಡುತ್ತದೆ, ಸ್ವಲ್ಪ ಬಾಗಿದರೂ ಒಡೆಯುವುದಿಲ್ಲ. ಮಳೆ ಜಾಸ್ತಿ ಇರುವ ಕಡೆ ಹತ್ತಡಿಯೊಳಗಿನ ಧರೆಗೆ ನಾನು ಇದನ್ನೇ ಆರಿಸುತ್ತೇನೆ.

ನಕ್ಷೆ ಎಷ್ಟು ಹೇಳುತ್ತದೆ, ಯಾರನ್ನು ಕೇಳುವುದು

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಸಾಧ್ಯತೆಯ ನಕ್ಷೆಗಳು ಭೂಕೋಶ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. 2024ರ ಜುಲೈನಲ್ಲಿ ಭೂಸಂಕೇತ್ ಎಂಬ ಜಾಲತಾಣ, ಭೂಸ್ಖಲನ್ ಎಂಬ ಆ್ಯಪ್ ಕೂಡ ಬಂದಿವೆ. ನೋಡಲೇಬೇಕು. ಆದರೆ ಆ ನಕ್ಷೆಗಳ ಅಳತೆ 1:50,000. ನಕ್ಷೆಯ ಒಂದು ಸೆಂಟಿಮೀಟರ್ ಎಂದರೆ ನೆಲದಲ್ಲಿ ಅರ್ಧ ಕಿಲೋಮೀಟರ್. ನಲವತ್ತು ಅಡಿಯ ಸೈಟು ಅದರಲ್ಲಿ ಕಾಲು ಮಿಲಿಮೀಟರ್ ಕೂಡ ಆಗುವುದಿಲ್ಲ. ಇಡೀ ಗುಡ್ಡ ಯಾವ ಬಣ್ಣದಲ್ಲಿದೆ ಎಂದು ತಿಳಿಯಲು ಅದು ಸಾಕು. ನಿಮ್ಮ ಹಿಂದಿನ ಗುಂಡಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಹಸಿರು ಬಣ್ಣ ತೋರಿಸಿ ಇಲ್ಲಿ ಭಯ ಇಲ್ಲ ಅನ್ನುವ ಬ್ರೋಕರ್ ಮಾತಿಗೆ ಮರುಳಾಗಬೇಡಿ. ಕೆಂಪು ಬಣ್ಣ ಬಂದರೆ ಮಾತ್ರ ಅಲ್ಲಿಗೇ ಕೈಬಿಡಿ.

ಸಾಮಾನ್ಯ ಸಿವಿಲ್ ಎಂಜಿನಿಯರ್ ಮನೆಯ ಬಲ ನೋಡುತ್ತಾರೆ, ಮೇಲಿನ ಗುಡ್ಡ ಅವರ ಕೆಲಸದಲ್ಲಿ ಬರುವುದಿಲ್ಲ. ಎಂಜಿನಿಯರಿಂಗ್ ಭೂವಿಜ್ಞಾನ ಅಥವಾ ಜಿಯೋಟೆಕ್ನಿಕಲ್ ಓದಿದವರನ್ನು ಒಂದು ದಿನ ಕರೆದುಕೊಂಡು ಹೋಗಿ. ಗುಡ್ಡಗಾಡಿನಲ್ಲಿ ಮನೆ ಜಾಗ ಆರಿಸುವುದಕ್ಕೇ ಐಎಸ್ 14243 ಎಂಬ ಭಾರತೀಯ ಮಾನದಂಡ ಇದೆ, ಗುಡ್ಡದ ಧರೆ ಗೋಡೆಗಳಿಗೆ ಐಎಸ್ 14458 ಇದೆ. ಇವನ್ನು ಹೆಸರು ಹಿಡಿದು ಕೇಳಿ. ಬಂದವರು ನಿಮ್ಮ ಸೈಟಿನೊಳಗೇ ಓಡಾಡಿ ವಾಪಸ್ ಹೊರಟರೆ ಅವರು ಕೆಲಸ ಮುಗಿಸಿಲ್ಲ. ಗುಡ್ಡ ಹತ್ತಬೇಕು, ಬಂಡೆಯ ಬಿರುಕುಗಳ ದಿಕ್ಕು ಅಳೆಯಬೇಕು. ಬಿರುಕು ನಿಮ್ಮ ಕಡೆಗೆ ಇಳಿಮುಖವಾಗಿದೆಯೋ ಬೆಟ್ಟದೊಳಕ್ಕೆ ಇಳಿದಿದೆಯೋ ಎಂಬುದೇ ಅರ್ಧ ಉತ್ತರ.

ವಿಮೆಯನ್ನೂ ಹೋಲಿಕೆಗೆ ಸೇರಿಸಿ

2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆಯಲ್ಲಿ ನೆಲ ಕುಸಿಯುವುದು, ಗುಡ್ಡ ಜರಿಯುವುದು, ಬಂಡೆ ಜರಿಯುವುದು ಮೂರೂ ಸೇರಿವೆ. ಕೊಡದಿರುವ ಕಾರಣಗಳ ಪಟ್ಟಿಯನ್ನು ಮಾತ್ರ ಎರಡು ಸಲ ಓದಿ. ತುಂಬಿದ ಮಣ್ಣಿನ ನೆಲ ಕುಗ್ಗಿದರೆ ಇಲ್ಲ, ವಿನ್ಯಾಸದ ದೋಷಕ್ಕೆ ಇಲ್ಲ, ನೆಲ ಅಗೆಯುವ ಕೆಲಸದಿಂದ ಆದದ್ದಕ್ಕೆ ಇಲ್ಲ. ಮೇಲೆ ಹೇಳಿದ ಎರಡನೇ ಬಗೆಯ ಸೈಟಿನಲ್ಲಿ ಇರುವುದು ಈ ಮೂರೇ. ಧರೆ ಕಡಿದು, ಮಣ್ಣು ತುಂಬಿ ಕಟ್ಟಿದ ಮನೆಗೆ ಕಂತು ಕಟ್ಟುತ್ತಾ ಹೋದರೂ ಬೇಕಾದ ಹೊತ್ತಿಗೆ ತಕರಾರು ಏಳುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಎರಡು ಜಾಗಗಳ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ, ಅಡ್ವಾನ್ಸ್ ಕೊಡುವುದನ್ನು ಒಂದು ಮಳೆಗಾಲ ಮುಂದೂಡಿ. ಪುಷ್ಯ, ಆಶ್ಲೇಷ ಮಳೆ ಹೊಯ್ಯುವಾಗ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ಮಧ್ಯದೊಳಗೆ, ಹಗಲು ಹೊತ್ತಿನಲ್ಲಿ, ಆ ದಿನ ಎಚ್ಚರಿಕೆ ಇಲ್ಲದಿದ್ದರೆ ಎರಡೂ ಜಾಗಕ್ಕೆ ಹೋಗಿ. ಗುಡ್ಡದ ನೀರು ಎಲ್ಲಿಂದ ಇಳಿಯುತ್ತಿದೆ, ಎಲ್ಲಿ ನಿಲ್ಲುತ್ತಿದೆ, ಧರೆಯ ಯಾವ ಭಾಗದಿಂದ ಕೆಂಪು ನೀರು ಒಸರುತ್ತಿದೆ ಎಂದು ಫೋಟೋ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ತೋರಿಸಿದ ಸೈಟನ್ನು ಮಳೆಯಲ್ಲಿ ತೋರಿಸಲು ಮಾರುವವರು ಹಿಂದೇಟು ಹಾಕಿದರೆ ಆ ಜಾಗವನ್ನು ಪಟ್ಟಿಯಿಂದ ತೆಗೆಯಿರಿ.